ನಾಗರ ಅಮಾವಾಸ್ಯೆಗೆ ಮುಂಚೆ ಕತ್ತರಿಸಿದ ದಾರ

ನನ್ನ ಮಗಳು ಅಳಲು ಹಿಡಿದದ್ದು ಎಂಬತ್ತನಾಲ್ಕನೆಯ ಇಸವಿಯ ಆಷಾಢದಲ್ಲಿ, ನಾನು ದೇವರ ಅಂಗಿಗೆ ಬಟ್ಟೆ ಕತ್ತರಿಸುತ್ತಿದ್ದ ದಿನ. ಹೀಗೆ ಬರೆದರೆ ಒಂದಕ್ಕೊಂದು ಸಂಬಂಧವಿದೆಯೆಂದು ಓದುವವರಿಗೆ ಅನಿಸಬಹುದು. ಇದೆ. ಆದರೆ ನೀವು ಅಂದುಕೊಳ್ಳುವ ಸಂಬಂಧವಲ್ಲ.

ಈ ಪುಸ್ತಿಕೆಯಲ್ಲಿ ಅನುಭವ ಬರೆದ ಒಕ್ಕಲಿನವರೆಲ್ಲ ವೀರಭದ್ರ ದೇವರ ಪಾದಕ್ಕೆ ಬಿದ್ದು ಬೇಡಿದ್ದನ್ನು ಪಡೆದವರು. ಅವರ ಭಕ್ತಿ ದೊಡ್ಡದು. ನಾನು ಬೀಳಲಿಲ್ಲ. ದೇವರ ಎದುರಿಗೆ ಹೋದಾಗ ನನ್ನ ಕೈಯಲ್ಲಿ ಕತ್ತರಿ ಇತ್ತು. ಬಾಯಲ್ಲಿದ್ದ ಮಾತುಗಳಲ್ಲಿ ಕೆಲವನ್ನು ಮಾತ್ರ ಇಲ್ಲಿ ಬರೆಯಬಹುದು. ಆದರೂ ಬೇಡಿದ್ದು ಸಿಕ್ಕಿತು. ಹಾಗೆ ಸಿಕ್ಕಿದ್ದಕ್ಕೂ ಸಾಕ್ಷಿ ಬೇಕಲ್ಲವೇ ಎಂದು ಇದನ್ನು ಬರೆಯುತ್ತಿದ್ದೇನೆ.

ನಾನು ಟೇಲರ್. ಅಣ್ಣಿಗೇರಿಯಿಂದ ನವಲಗುಂದಕ್ಕೆ ಹೋಗುವ ರಸ್ತೆಯ ಮೇಲೆ ನಮ್ಮೂರು. ಬಸ್ಸು ನಿಲ್ಲುವ ಬೇವಿನ ಗಿಡದ ಎದುರಿಗೆ ನನ್ನ ಅಂಗಡಿ. ನಮ್ಮ ತಂದೆಯ ಕಾಲದಿಂದ ನಮ್ಮ ಮನೆಗೆ ಒಂದು ಸೇವೆ ಇದೆ. ವರ್ಷಕ್ಕೊಮ್ಮೆ ನಾಗರ ಅಮಾವಾಸ್ಯೆಯ ದಿನ ದೇವರಿಗೆ ತೊಡಿಸುವ ಹೊಸ ಕೆಂಪು ಅಂಗಿಯನ್ನು ನಾವು ಹೊಲಿದು ಕೊಡಬೇಕು. ಶ್ರಾವಣವನ್ನು ಅವನು ಹೊಸ ಬಟ್ಟೆಯಲ್ಲಿಯೇ ಎದುರುಗೊಳ್ಳುತ್ತಾನೆ. ಹೇಳಬೇಕೆಂದರೆ ನನ್ನ ಗಿರಾಕಿಗಳಲ್ಲಿ ಅವನಷ್ಟು ಸಭ್ಯ ಗಿರಾಕಿ ಬೇರೆ ಇಲ್ಲ. ಅವಸರ ಮಾಡುವುದಿಲ್ಲ, ಜೇಬು ಎಲ್ಲಿ ಎಂದು ಕೇಳುವುದಿಲ್ಲ, ವರ್ಷದಿಂದ ವರ್ಷಕ್ಕೆ ಹೊಟ್ಟೆ ಬೆಳೆಸಿಕೊಂಡು ಬಂದು ಅಂಗಿ ಬಿಗಿಯಾಯಿತೆಂದು ಜಗಳ ತೆಗೆಯುವುದಿಲ್ಲ.

ಮದುವೆಯಾಗಿ ಬಹಳ ವರ್ಷ ನಮಗೆ ಮಕ್ಕಳಾಗಿರಲಿಲ್ಲ. ಆ ವರ್ಷಗಳಲ್ಲಿ ನಾನು ಊರಿನ ಎಲ್ಲರ ಮಕ್ಕಳಿಗೂ ಕುಂಚಿಗೆ, ಅಂಗಿ, ಲಂಗ ಹೊಲಿದೆ. ಹೊಲಿಯುವಾಗ ಹೆಂಗಸರು ನನ್ನ ಮುಖ ನೋಡುತ್ತಿದ್ದರು. ನಾನು ಹೊಲಿಗೆ ನೋಡುತ್ತಿದ್ದೆ. ಕೊನೆಗೆ ನನ್ನ ಹೆಂಡತಿ ನೀಲವ್ವನಿಗೆ ದಿನ ತುಂಬಿ, ರೂಢಿಯಂತೆ ಕಲಘಟಗಿ ಕಡೆಯ ದೇವಿಕೊಪ್ಪದ ತವರುಮನೆಯಲ್ಲಿ ಹೆರಿಗೆಯಾಗಿ, ಹೆಣ್ಣು ಹುಟ್ಟಿತು. ಕೂಸಿಗೆ ಶಾಂತವ್ವ ಎಂದು ಹೆಸರಿಟ್ಟರು. ಇಡುವಾಗ ಅವಳ ಅಭಿಪ್ರಾಯವನ್ನು ಯಾರೂ ಕೇಳಲಿಲ್ಲ.

ನಾಲ್ಕನೆಯ ತಿಂಗಳಲ್ಲಿ ತಾಯಿ ಮಗಳು ನಮ್ಮೂರಿಗೆ ಬಂದರು. ಬಂದ ವಾರದಲ್ಲಿಯೇ ಕೂಸಿಗೆ ನೆಗಡಿ, ಹಿಂದೆಯೇ ಜ್ವರ. ಆಷಾಢದ ಗಾಳಿ ಎಂಥದ್ದೆಂದು ಎರೆ ಮಣ್ಣಿನ ಸೀಮೆಯವರಿಗೆ ನಾನು ಹೇಳಬೇಕಾಗಿಲ್ಲ. ಬಾಗಿಲು ಹಾಕಿದರೂ ಅದು ಒಳಗೇ ಕುಳಿತಿರುತ್ತದೆ. ನಮ್ಮ ಅವ್ವ ಕೂಸಿಗೆ ನೀರು ಹಾಕುವುದನ್ನು ನಿಲ್ಲಿಸಿದಳು. ಬಿಸಿನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ ಮೈ ಒರೆಸುವುದು, ಬಜೆ ತೇಯ್ದು ನೆಕ್ಕಿಸುವುದು, ಕೆಂಡಕ್ಕೆ ಲೋಬಾನ ಹಾಕಿ ಹೊಗೆ ಕೊಡುವುದು. ನೀಲವ್ವನಿಗೆ ಆಗ ಬಾಣಂತಿಯ ಕೂದಲು ಉದುರುವ ಹೊತ್ತು. ಬಾಚಿದರೆ ಹಿಡಿ ಹಿಡಿ ಬರುತ್ತಿತ್ತು. ಅವಳು ಆ ಹೊಗೆಯಲ್ಲೇ ತಲೆ ಒಣಗಿಸಿಕೊಳ್ಳುತ್ತಾ ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಕೂಡುತ್ತಿದ್ದಳು.

ಔಷಧದ ಜೊತೆ ದೇವರೂ ಬೇಕಲ್ಲ. ದಾರಗಳು ಬರಲಾರಂಭಿಸಿದವು. ಕೊರಳಲ್ಲಿ ಹುಟ್ಟಿದಾಗಲೇ ಕಟ್ಟಿದ ಲಿಂಗವಿತ್ತು. ಲಿಂಗವಿದ್ದ ಮೇಲೆ ಮಿಕ್ಕದ್ದರ ಕೆಲಸವೇನೆಂದು ತಿಳಿದವರು ಕೇಳಬಹುದು. ಅಳುವ ಕೂಸಿನ ಅಜ್ಜಿಯ ಮುಂದೆ ನಿಂತು ಅವರೂ ಕೇಳಿರಲಿಕ್ಕಿಲ್ಲ. ನಡುವಿನಲ್ಲಿ ಕರಿಯ ಉಡದಾರ. ಬಲದೋಳಿಗೆ ದೇವಿಕೊಪ್ಪದ ಬೀಗರು ಕಟ್ಟಿ ಕಳಿಸಿದ ಅರಿಶಿಣದ ದಾರ. ಎಡದೋಳಿಗೆ ಪಕ್ಕದ ಮನೆಯ ಬೀಬಮ್ಮ ಯಮನೂರಿನ ದರ್ಗಾಕ್ಕೆ ಹೋದಾಗ ನಮ್ಮ ಕೂಸಿನ ಸಲುವಾಗಿ ಬೇಡಿಕೊಂಡು ತಂದ ಹಸಿರು ದಾರ. ಇಷ್ಟೆಲ್ಲ ಆದ ಮೇಲೆ ಅವ್ವನಿಗೆ ನೆನಪಾಯಿತು, ಮನೆದೇವರೇ ಉಳಿದುಬಿಟ್ಟನಲ್ಲ ಎಂದು. ಗುಡಿಗೆ ಓಡಿಹೋಗಿ ಪೂಜೆಯ ಅಯ್ಯನವರಿಂದ ಕೆಂಪು ದಾರ ತಂದಳು. ಕಟ್ಟಿದ ಮೇಲೆ ನಾಗರ ಅಮಾವಾಸ್ಯೆಯ ದಿನ ದೇವರ ಮುಂದೆಯೇ ಬಿಚ್ಚಬೇಕು, ಅಲ್ಲಿಯವರೆಗೆ ಯಾರೂ ಮುಟ್ಟಬಾರದು. ಇದು ನಮ್ಮ ಒಕ್ಕಲಿನ ಹಳೆಯ ನೇಮ.

ಆದರೆ ಕಟ್ಟುವುದೆಲ್ಲಿ? ಕೂಸಿನ ಮೈಮೇಲೆ ಖಾಲಿ ಜಾಗ ಉಳಿದಿರಲಿಲ್ಲ. ಒಂದು ದೇವರ ದಾರದ ಮೇಲೆ ಇನ್ನೊಂದು ದೇವರ ದಾರ ಕಟ್ಟಿದರೆ ಮೇಲಿದ್ದವರು ಯಾರು, ಕೆಳಗಿದ್ದವರು ಯಾರು ಎಂಬ ವ್ಯಾಜ್ಯ ಬರುತ್ತದೆ. ಉಳಿದದ್ದು ಕಾಲು. ವೀರಭದ್ರನ ದಾರವನ್ನು ಕಾಲಿಗೆ ಕಟ್ಟಲು ಅವ್ವ ಅಂಜಿದಳು. ಬಹಳ ಯೋಚಿಸಿ ದಾರಿ ಕಂಡುಕೊಂಡಳು. ನೀಲವ್ವನ ತಂಗಿ ಹೆಣೆದು ಕೊಟ್ಟಿದ್ದ ಉಣ್ಣೆಯ ಕಾಲುಚೀಲಗಳಿದ್ದವು. ಹೊಸವು, ಮೈಲಿಗೆಯಾಗಿರಲಿಲ್ಲ. ಎಡಗಾಲಿಗೆ ಚೀಲ ಏರಿಸಿ, ಅದರ ಮೇಲೆ ಕಾಲಗಿಣ್ಣಿನ ಹತ್ತಿರ ಕೆಂಪು ದಾರ ಸುತ್ತಿ ಗಂಟು ಹಾಕಿದಳು. ದೇವರ ದಾರ ಕಾಲಿಗೆ ತಾಗಲಿಲ್ಲ, ಕೂಸಿಗೆ ರಕ್ಷೆಯೂ ಆಯಿತು. ಅವ್ವನ ಈ ಉಪಾಯವನ್ನು ಓಣಿಯ ಹೆಂಗಸರೆಲ್ಲ ಮೆಚ್ಚಿಕೊಂಡರು. ನಾನೂ ಮೆಚ್ಚಿಕೊಂಡೆ.

ಅಂದಿನಿಂದ ಬಲಗಾಲಿನ ಚೀಲವನ್ನು ದಿನಾಲೂ ಬಿಚ್ಚಿ ಒಗೆಯುತ್ತಿದ್ದರು. ಎಡಗಾಲಿನದು ದೇವರ ಸ್ವಾಧೀನದಲ್ಲಿತ್ತು. ಮೈ ಒರೆಸುವಾಗ ಅವ್ವ ಆ ಕಾಲನ್ನು ನೀರು ಸಿಡಿಯದಂತೆ ಎತ್ತಿ ಹಿಡಿಯುತ್ತಿದ್ದಳು.

ಜ್ವರ ಬಿಟ್ಟಿತು. ನೆಗಡಿ ಹೋಯಿತು. ದಾರದ ಪ್ರಭಾವವೆಂದು ಎಲ್ಲರೂ ಹೇಳಿದರು. ಆದರೆ ಅಳು ಹೋಗಲಿಲ್ಲ, ಹೆಚ್ಚಾಯಿತು. ಮೊದಲಿನದು ಮೂಗು ಕಟ್ಟಿದ ಕೂಸಿನ ರಾಗದ ಅಳು. ಈಗಿನದು ಹಾಗಿರಲಿಲ್ಲ. ಒಮ್ಮೆಲೇ ಕಿರುಚುವುದು, ಉಸಿರು ಹಿಡಿಯುವುದು, ಮೊಣಕಾಲು ಹೊಟ್ಟೆಗೆ ಎಳೆದುಕೊಳ್ಳುವುದು. ಮೊಲೆ ಬಾಯಿಗಿಟ್ಟರೆ ಎರಡು ಗುಟುಕು ಎಳೆದು ಮತ್ತೆ ಕಿರುಚುವುದು. ಎದ್ದಿದ್ದಷ್ಟು ಹೊತ್ತು ಅದೇ. ನನ್ನ ಅಂಗಡಿ ಮನೆಯ ಪಡಸಾಲೆಯಲ್ಲೇ ಇರುವುದರಿಂದ ಬಂದ ಗಿರಾಕಿಗಳು ಅಳತೆ ಕೊಡುವುದನ್ನು ಬಿಟ್ಟು ಸಲಹೆ ಕೊಟ್ಟು ಹೋಗುತ್ತಿದ್ದರು. ಓಮಿನಕಾಳು ಎಂದರು, ಇಂಗು ಎಂದರು, ದೃಷ್ಟಿ ತೆಗೆಯಿರಿ ಎಂದರು. ಎಲ್ಲವನ್ನೂ ಮಾಡಿದೆವು. ಆ ಕೂಸಿನ ಹೊಕ್ಕಳಿಗೆ ನಾವು ಹಚ್ಚಿದ ಇಂಗಿನಲ್ಲಿ ಒಂದು ಮದುವೆಯ ಸಾರು ಆಗುತ್ತಿತ್ತು.

ನೀಲವ್ವ ಒಬ್ಬಳೇ ಬೇರೆ ಮಾತು ಆಡಿದವಳು.

“ಇದು ಹೊಟ್ಟಿ ಅಳು ಅಲ್ರಿ ಅತ್ತಿ. ಏನೋ ಕಡದಂಗ, ಕೊರದಂಗ ಅಳತಾಳ.”

ಅವ್ವ ಒಲೆಯ ಮುಂದಿನಿಂದ ತಿರುಗದೆ ಹೇಳಿದಳು: “ನಿನಗ ಇದು ಮೊದಲನೇದು ಬೇ. ನಾ ಆರು ಹಡದೀನಿ. ಅಳು ಅಂದ್ರ ಅಳು, ಅದರಾಗ ಏನ ನಮೂನಿ?”

ನೀಲವ್ವ ಕೂಸನ್ನು ಎದೆಗೆ ಒತ್ತಿಕೊಂಡು, ಅತ್ತಿತ್ತ ತಿರುಗಾಡುತ್ತಾ, ತಾನೂ ಸದ್ದಿಲ್ಲದೆ ಅಳುತ್ತಿದ್ದಳು. ಎರಡು ಅಳುಗಳ ನಡುವೆ ನಾನು ಹೊಲಿಗೆ ಮಷಿನ್ ತುಳಿಯುತ್ತಿದ್ದೆ. ಮಷಿನಿನ ಮೇಲೆ ದೇವರ ಕೆಂಪು ಅಂಗಿ.

ಹೀಗೆ ಇದ್ದರೆ ಆಗುವುದಿಲ್ಲವೆಂದು ಮೂವರೂ ಕೂಸನ್ನು ಕರೆದುಕೊಂಡು ನವಲಗುಂದದ ಬಸ್ಸು ಹತ್ತಿದೆವು. ಬಸ್ಸು ತುಂಬಿತ್ತು. ಆದರೆ ಶಾಂತವ್ವ ಬಾಯಿ ತೆರೆದ ಕೂಡಲೇ ಒಂದು ಇಡೀ ಸೀಟು ಖಾಲಿಯಾಯಿತು. ಅವಳಿಂದ ನಮಗಾದ ಮೊದಲ ಉಪಕಾರ ಅದು. ಹಿಂದಿನ ಸೀಟಿನ ಮುದುಕ ಕೂಸಿಗೆ ಹುಟ್ಟೂರಿನ ನೆನಪಾಗಿದೆಯೆಂದ. ಕಂಡಕ್ಟರ್ ನಾವು ಇಳಿಯುವಾಗ ಅವಳ ಕೆನ್ನೆ ಮುಟ್ಟಿ, ಬೇಗ ಆರಾಮ ಆಗವ್ವ, ನನ್ನ ಕಿವಿಗಾದರೂ ಅಂದ.

ಡಾಕ್ಟರು ಒಳ್ಳೆಯವರು. ಕೂಸಿನ ಕಿವಿ ನೋಡಿದರು, ಗಂಟಲು ನೋಡಿದರು, ಎದೆಗೆ ಕೊಳವೆ ಇಟ್ಟರು, ಹೊಟ್ಟೆ ಒತ್ತಿದರು. ಬಟ್ಟೆ ಎಲ್ಲ ಬಿಚ್ಚಿ ಎಂದರು. ಅವ್ವ ಎಲ್ಲ ಬಿಚ್ಚಿದಳು, ಎಡಗಾಲಿನ ಚೀಲವೊಂದನ್ನು ಬಿಟ್ಟು.

“ಇದನ್ನೂ ತಗೀರಿ ಅಮ್ಮಾ.”

“ಅದು ದೇವರದೈತ್ರಿ ಸಾಹೇಬರ. ಅಮಾಸಿತನಾ ಮುಟ್ಟೂಹಂಗಿಲ್ಲ.”

ಡಾಕ್ಟರು ಅವ್ವನ ಮುಖ ನೋಡಿದರು, ದಾರ ನೋಡಿದರು. ಅವರ ಬಲಗೈಯ ಮಣಿಕಟ್ಟಿನಲ್ಲೂ ಅಂಥದೇ ಒಂದು ದಾರವಿತ್ತು. ಇರಲಿ ಬಿಡಿ ಎಂದರು. ಹೊಟ್ಟೆ ನೋವೇ ಇರಬೇಕು ಎಂದು ಒಂದು ಬಾಟಲಿ ಕೊಟ್ಟು, ಇದಕ್ಕೂ ಕಡಿಮೆಯಾಗದಿದ್ದರೆ ಹುಬ್ಬಳ್ಳಿಯ ದೊಡ್ಡ ಆಸ್ಪತ್ರೆಗೆ ಒಯ್ಯಿರಿ, ತಡ ಮಾಡಬೇಡಿ ಎಂದರು. ವರ್ಷಾನುಗಟ್ಟಲೆ ಕಾದು ಪಡೆದ ಕೂಸು. ಅದು ಉಳಿಯುತ್ತದೆಯೋ ಇಲ್ಲವೋ ಎಂಬ ಪ್ರಶ್ನೆಯನ್ನು ಅಲ್ಲಿಯವರೆಗೆ ಮನಸ್ಸಿನಲ್ಲೂ ಆಡಿರಲಿಲ್ಲ.

ಮರುದಿನ ಬಾಟಲಿಯ ಔಷಧಕ್ಕೂ ಅವಳು ಜಗ್ಗಲಿಲ್ಲ. ನಾನು ದೇವರ ಅಂಗಿಯ ಒಂದು ತೋಳು ಹಚ್ಚಿ ಮುಗಿಸಿದ್ದೆ. ಎರಡನೆಯದನ್ನು ಮಷಿನಿಗೆ ಕೊಟ್ಟವನು ಪೆಡಲಿನಿಂದ ಕಾಲು ತೆಗೆದುಬಿಟ್ಟೆ. ಒಳಗೆ ನನ್ನ ಮಗಳು ಕಿರುಚುತ್ತಿದ್ದಾಳೆ, ಹೊರಗೆ ನಾನು ಇವನಿಗೆ ಜರಿ ಹಚ್ಚುತ್ತಿದ್ದೇನೆ. ಇದು ಯಾವ ನ್ಯಾಯ? ತಂದೆಯ ಕಾಲದಿಂದ ಒಂದು ಅಮಾವಾಸ್ಯೆಯನ್ನೂ ತಪ್ಪಿಸಿದವರಲ್ಲ. ನಾವು ಬೇಡಿದ್ದೂ ಒಂದೇ. ನಾನು ಎದ್ದು ಅಂಗಿಯನ್ನು ಮಡಚಿ, ಗೂಟಕ್ಕೆ ತೂಗುಹಾಕಿದೆ. ಒಂದು ತೋಳಿನ ಅಂಗಿ. ಯಾರು ಕೇಳಿದರೂ ಮುಷ್ಕರವೆಂದು ಹೇಳಲು ತೀರ್ಮಾನಿಸಿದೆ. ಆ ಕಾಲದಲ್ಲಿ ಎಲ್ಲರೂ ಮುಷ್ಕರ ಹೂಡುತ್ತಿದ್ದರು. ಟೇಲರ್ ಮಾತ್ರ ಹೂಡಬಾರದೆಂದು ಎಲ್ಲಿಯೂ ಬರೆದಿಲ್ಲ.

ಸುದ್ದಿ ಗುಡಿಗೆ ಮುಟ್ಟಲು ಎಷ್ಟು ಹೊತ್ತು ಬೇಕು? ಪೂಜೆಯ ಗುರಯ್ಯನವರು ವಿಭೂತಿ ಒಣಗುವ ಮುಂಚೆಯೇ ಬಂದರು. ಅವರ ಹಿಂದೆ ಒಕ್ಕಲಿನ ಹಿರಿಯರಾದ ಮಲ್ಲಪ್ಪ ಕಾಕಾ.

“ಅಂಗಿ ಎಲ್ಲಿಗೆ ಬಂತ್ರಿ ಟೇಲರ್ ಮಾಸ್ತರ?” ಎಂದು ಅಯ್ಯನವರು ಕೇಳಿದರು.

“ತೋಳಿಗೆ ಬಂದು ನಿಂತೈತ್ರಿ. ನನ್ನ ಕೂಸು ಅಳೂದು ನಿಂತಿಂದ ಮಷಿನ್ ಶುರು ಆಕೈತಿ. ಅವಗ ಹೇಳಿಬಿಡ್ರಿ.”

ಮಲ್ಲಪ್ಪ ಕಾಕಾ ಕೋಲನ್ನು ನೆಲಕ್ಕೆ ಕುಟ್ಟಿದರು. “ಯಾರ ಜೋಡಿ ಹಠ ಹಿಡದಿ ಗೊತ್ತೈತೇನಲೇ? ದಕ್ಷನ ಗತಿ ಏನಾತು ಕೇಳೀಯಿಲ್ಲೋ?”

“ದಕ್ಷ ಕರೀಲಿಲ್ಲ ಅಂತ ಸಿಟ್ಟಾದ ದೇವರು ಕಾಕಾ ಇದು. ನಾ ದಿನಾ ಕರ್ಯಾಕತ್ತೀನಿ. ಬರವಲ್ಲ.”

ಇಂಥ ಹೊತ್ತಿನಲ್ಲಿ ಹಿರಿಯರು ಮಾಡುವಂತೆ ಕಾಕಾ ನನ್ನ ತಂದೆಯ ಒಳ್ಳೆಯತನವನ್ನು ನೆನೆದರು. ಅಯ್ಯನವರು ಮಾತ್ರ ಸಿಟ್ಟಾಗಲಿಲ್ಲ. ಗೂಟದಲ್ಲಿದ್ದ ಒಂಟಿ ತೋಳಿನ ಅಂಗಿಯನ್ನು ಮುಟ್ಟಿ ನೋಡಿ, ನಿಮ್ಮ ಮಾತನ್ನು ನಾನು ಅವನಿಗೆ ಮುಟ್ಟಿಸಲಾರೆ, ಇಬ್ಬರ ನಡುವಿನ ಜಗಳಕ್ಕೆ ಮೂರನೆಯವನು ಬರಬಾರದು, ನೀವೇ ಬಂದು ಹೇಳಿ, ಬಾಗಿಲು ತೆರೆದೇ ಇರುತ್ತದೆ ಎಂದು ಹೇಳಿ ಹೋದರು.

ಅದರ ಮರುದಿನ ಶಾಂತವ್ವನ ಅಳು ನಿಂತಿತು. ಹಾಗೆಂದರೆ ಸದ್ದು ನಿಂತಿತು. ನಸುಕು ಹರಿದು ಬೆಳಕಾದಾಗ ನೋಡುತ್ತೇನೆ, ಕೂಸು ಬಾಯಿ ತೆರೆದಿದೆ, ಮುಖ ಕೆಂಪಾಗಿದೆ, ಕಣ್ಣಲ್ಲಿ ನೀರು ಸುರಿಯುತ್ತಿದೆ, ಧ್ವನಿ ಇಲ್ಲ. ಕಿರುಚಿ ಕಿರುಚಿ ಗಂಟಲು ಬಿದ್ದುಹೋಗಿತ್ತು. ಮೈ ಮತ್ತೆ ಕಾದಿತ್ತು. ಮೊಲೆಯನ್ನು ಮೂಸಿಯೂ ನೋಡುತ್ತಿರಲಿಲ್ಲ. ನಾನು ಆ ದಿನಗಳಲ್ಲಿ ಅವಳ ಅಳು ನಿಲ್ಲಲಿ ಎಂದು ಎಷ್ಟು ಸಲ ಬೇಡಿದ್ದೆನೋ ಲೆಕ್ಕವಿಲ್ಲ. ಹಾಗೆ ನಿಂತಾಗ, ಅದು ಮತ್ತೆ ಕೇಳಿಸಲಿ ಎಂದು ಅನಿಸಿತು.

“ಹುಬ್ಬಳ್ಳಿಗೆ ಹೋಗೂಣು ನಡೀರಿ,” ಎಂದಳು ನೀಲವ್ವ.

ಬಸ್ಸಿಗೆ ಇನ್ನೂ ಹೊತ್ತಿತ್ತು. ನಾನು ಕೂಸನ್ನು ಅವಳ ಕೈಯಿಂದ ತೆಗೆದುಕೊಂಡೆ. ಅಂಗಡಿಯ ಮೇಜಿನ ಮೇಲಿನ ಕತ್ತರಿ ಕೈಗೆ ಬಂತು. ಕತ್ತರಿಯೊಂದಿಗೆ ನಾನು ಗುಡಿಯ ಕಡೆಗೆ ಹೊರಟದ್ದನ್ನು ನೋಡಿ ಅವ್ವ ಒಲೆ ಬಿಟ್ಟು ಎದ್ದುಬಂದಳು. ಎರೆ ಕೆಸರಿನಲ್ಲಿ ಅವಳ ಚಪ್ಪಲಿ ಕಿತ್ತುಹೋಯಿತು. ಬರಿಗಾಲಿನಲ್ಲೇ ನೀಲವ್ವನ ಹಿಂದೆ ಓಡಿದಳು. ಬೇಡ ತಮ್ಮಾ, ಬೇಡ ತಮ್ಮಾ ಎಂದು ದಾರಿಯುದ್ದಕ್ಕೂ ಹೇಳುತ್ತಿದ್ದಳು. ನಾನು ತಿರುಗಿ ನೋಡಲಿಲ್ಲ.

ನನ್ನ ಲೆಕ್ಕ ಸರಳವಾಗಿತ್ತು. ಈ ಕೂಸಿನ ಮೈಮೇಲೆ ಇಷ್ಟು ದೇವರುಗಳ ಗುರುತಿದೆ, ಒಬ್ಬರೂ ಹೊಣೆ ಹೊರುತ್ತಿಲ್ಲ. ಎಲ್ಲ ದಾರಗಳನ್ನೂ ತೆಗೆದು ಅವರವರಿಗೆ ಮರಳಿಸುತ್ತೇನೆ, ಹುಟ್ಟಿದಾಗ ಹೇಗಿದ್ದಳೋ ಹಾಗೆ ಲಿಂಗವೊಂದನ್ನೇ ಇಟ್ಟು ಹುಬ್ಬಳ್ಳಿಗೆ ಒಯ್ಯುತ್ತೇನೆ. ಮೊದಲು ಮನೆಯವನಿಂದಲೇ ಶುರು. ಹೊರಗಿನವರ ಜೊತೆ ಜಗಳ ಆಮೇಲೆ.

ಗುಡಿಯ ಮಂಟಪದಲ್ಲಿ ಅಯ್ಯನವರು ನಿಂತಿದ್ದರು. ಒಳಗೆ ಮಬ್ಬುಗತ್ತಲೆ, ನಂದಾದೀಪದ ಬೆಳಕಿನಲ್ಲಿ ದೇವರ ಮೀಸೆ, ಕತ್ತಿ, ಅಗಲವಾದ ಕಣ್ಣು. ಹೋದ ವರ್ಷ ನಾನೇ ಹೊಲಿದ, ಈಗ ಬಣ್ಣ ಮಾಸಿದ ಅಂಗಿ. ನಾನು ಹೊಸ್ತಿಲ ಹತ್ತಿರ ಮಂಡಿಯೂರಿ ಕೂಸನ್ನು ತೊಡೆಯ ಮೇಲೆ ಮಲಗಿಸಿಕೊಂಡೆ. ಅಂದು ಹೇಳಿದ್ದರಲ್ಲಿ ಬರೆಯಬಹುದಾದದ್ದು ಇಷ್ಟು:

“ಊರೆಲ್ಲಾ ನಿನಗ ಅಂಜತೈತಿ. ನಾನೂ ಅಂಜಿದ್ನಿ. ಇವತ್ತಿಗೆ ಅಂಜೂದು ತೀರಿತು. ಈಕೀಗೆ ಏನಾಗೈತಿ ತೋರಸು. ತೋರಸಾಕ ಆಗಲಿಲ್ಲಂದ್ರ ನಿನ್ನ ದಾರ ನೀನ ಇಟಗೋ. ನನ್ನ ಮಗಳನ್ನ ನಾ ಒಯ್ತೀನಿ.”

ಜೀವನವಿಡೀ ದಾರ ಕತ್ತರಿಸಿದ ಕೈ ನನ್ನದು. ಆ ದಾರದ ಕೆಳಗೆ ಕತ್ತರಿಯ ತುದಿ ತೂರಿಸಿದೆ. ಕತ್ತರಿಸಿದೆ. ಹಿಂದೆ ಅವ್ವ ಕೈಯಿಂದ ಬಾಯಿ ಮುಚ್ಚಿಕೊಂಡಳು. ಸಿಡಿಲು ಬೀಳಲಿಲ್ಲ. ದಾರ ನೆಲಕ್ಕೆ ಬಿತ್ತು. ಕಟ್ಟು ಬಿಟ್ಟ ಕಾಲುಚೀಲವನ್ನು, ಇದೂ ನಿನಗೇ ಇರಲಿ ಎಂದು, ನಾನು ಎಳೆದು ತೆಗೆದೆ.

“ರೀ,” ಎಂದಳು ನೀಲವ್ವ. “ಬೆರಳ ನೋಡ್ರಿ.”

ಹೆಬ್ಬೆರಳಿನ ಪಕ್ಕದ ಬೆರಳು ಬಾತು ನೇರಳೆ ಹಣ್ಣಿನ ಬಣ್ಣಕ್ಕೆ ತಿರುಗಿತ್ತು. ಬುಡದಲ್ಲಿ ಒಂದು ಆಳವಾದ ಗೆರೆ, ಯಾರೋ ಬಿಗಿಯಾಗಿ ದಾರ ಸುತ್ತಿದ ಹಾಗೆ. ದಾರ ಕಾಣುತ್ತಿರಲಿಲ್ಲ. ಬಗ್ಗಿ ನೋಡಿದೆ. ಕತ್ತಲೆಯಲ್ಲಿ ಏನೂ ತಿಳಿಯಲಿಲ್ಲ. ಆಗ ಗುರಯ್ಯನವರು ಯಾರನ್ನೂ ಕೇಳದೆ ಗರ್ಭಗುಡಿಯೊಳಗೆ ಹೋಗಿ ನಂದಾದೀಪವನ್ನೇ ಎತ್ತಿಕೊಂಡು ಬಂದರು. ಆ ದೀಪ ಅಲ್ಲಿಂದ ಕದಲಿದ್ದನ್ನು ನಮ್ಮೂರಲ್ಲಿ ಯಾರೂ ಕಂಡಿರಲಿಲ್ಲ. ಅವರು ಅದನ್ನು ನನ್ನ ಮಗಳ ಕಾಲಿನ ಹತ್ತಿರ ಹಿಡಿದರು.

ಕೂದಲು. ತಾಯಿಯ ಒಂದು ಉದ್ದನೆಯ ಕೂದಲು ಹೇಗೋ ಆ ಚೀಲದೊಳಗೆ ಸೇರಿ, ಕೂಸು ಕಾಲು ಆಡಿಸಿದಂತೆಲ್ಲ ಬೆರಳಿಗೆ ಸುತ್ತಿಕೊಂಡು, ಸುತ್ತಿಕೊಂಡು, ಮಾಂಸದೊಳಗೆ ಇಳಿದಿತ್ತು.

ಟೇಲರನ ಅಂಗಿಯ ಕಾಲರಿನಲ್ಲಿ ಯಾವಾಗಲೂ ಒಂದು ಸೂಜಿ ಇರುತ್ತದೆ. ನೀಲವ್ವ ಕಾಲನ್ನು ಎರಡೂ ಕೈಯಿಂದ ಅದುಮಿ ಹಿಡಿದಳು. ನಾನು ಸೂಜಿಯನ್ನು ತಿರುಗಿಸಿ, ಕಣ್ಣಿನ ಕಡೆಯ ಮೊಂಡು ತುದಿಯನ್ನು ಆ ಗೆರೆಯೊಳಗೆ ಓರೆಯಾಗಿ ಜಾರಿಸಿದೆ. ಒಂದು ಎಳೆ ಮೇಲೆದ್ದಿತು. ಕತ್ತರಿಯ ತುದಿಯಿಂದ ಮುಟ್ಟಿದೆ, ತುಂಡಾಯಿತು. ಮತ್ತೊಂದು ಸುತ್ತು. ಅದನ್ನೂ. ಗೆರೆಯಲ್ಲಿ ಸ್ವಲ್ಪ ರಕ್ತ ಜಿನುಗಿತು. ನೋಡುತ್ತಿದ್ದಂತೆಯೇ ಬೆರಳಿನ ಬುಡದಲ್ಲಿ ಕಪ್ಪು ಒಡೆದು ತುಸು ಕೆಂಪು ಹಬ್ಬಿತು.

ಶಾಂತವ್ವ ಬಾಯಿ ಮುಚ್ಚಿದಳು. ಒಂದು ಬಿಕ್ಕು. ಇನ್ನೊಂದು. ಆಮೇಲೆ ನಾನು ಅಷ್ಟು ದಿನ ಕೇಳದ ಒಂದು ನಿಟ್ಟುಸಿರು. ತಾಯಿ ಎತ್ತಿಕೊಂಡು ಕಂಬಕ್ಕೆ ಒರಗಿ ಸೆರಗು ಹೊದಿಸಿದಳು. ಕೂಸು ಮೊಲೆ ಹಿಡಿದ ಸದ್ದು ಇಡೀ ಗುಡಿಗೆ ಕೇಳಿಸಿತು. ಹೊರಗೆ ಆಷಾಢದ ಗಾಳಿ ಬಾಗಿಲನ್ನು ಬಡಿಯುತ್ತಿತ್ತು. ಅಯ್ಯನವರ ಕೈಯಲ್ಲಿ ದೀಪ ಅಲುಗದೆ ಉರಿಯುತ್ತಿತ್ತು. ಇದನ್ನು ನಾನು ಒತ್ತಿ ಹೇಳುತ್ತಿಲ್ಲ, ಕಂಡದ್ದನ್ನು ಬರೆದೆ.

ಬಸ್ಸಿಗೆ ಹೋಗಿ ನವಲಗುಂದದ ಡಾಕ್ಟರಿಗೇ ತೋರಿಸಿದೆವು. ಅವರು ಭೂತಗನ್ನಡಿ ಹಿಡಿದು, ಆಳದಲ್ಲಿ ಉಳಿದಿದ್ದ ಇನ್ನೊಂದು ಎಳೆ ತೆಗೆದು, ಗಾಯ ತೊಳೆದು ಮುಲಾಮು ಹಚ್ಚಿದರು. ಬೆರಳು ಉಳಿಯುತ್ತದೆ, ಇನ್ನೂ ಸ್ವಲ್ಪ ತಡವಾಗಿದ್ದರೆ ಬೆರಳು ಹೋಗಿ ನಂಜು ಮೈಗೇರುತ್ತಿತ್ತು ಎಂದರು. ಆಮೇಲೆ ತಮ್ಮ ಮಣಿಕಟ್ಟಿನ ದಾರವನ್ನು ಒಮ್ಮೆ ತಿರುಗಿಸಿಕೊಂಡು, ಮೊನ್ನೆ ನಾನೇ ಬಿಚ್ಚಿಸಿ ನೋಡಬೇಕಾಗಿತ್ತು ಎಂದರು. ನನಗೆ ಅವರ ಮೇಲೆ ಸಿಟ್ಟು ಬರಲಿಲ್ಲ. ಇದ್ದ ಸಿಟ್ಟೆಲ್ಲ ಬೆಳಿಗ್ಗೆಯೇ ಖರ್ಚಾಗಿತ್ತು.

ಊರಿಗೆ ಬಂದ ಮೇಲೆ ಎರಡು ಕಡೆಯಿಂದ ವಿಚಾರಣೆ ಶುರುವಾಯಿತು. ಮೊದಲನೆಯದು ಮಲ್ಲಪ್ಪ ಕಾಕಾನದು. ಅಮಾವಾಸ್ಯೆಗೆ ಮುಂಚೆ, ಅದೂ ಕಬ್ಬಿಣದ ಕತ್ತರಿಯಿಂದ, ದೇವರ ಎದುರಿಗೇ ದಾರ ಕತ್ತರಿಸಿದ್ದಕ್ಕೆ ನಾನು ತಪ್ಪುಕಾಣಿಕೆ ಇಟ್ಟು ಅಡ್ಡಬೀಳಬೇಕು ಎಂದರು. ಬೀಳುವುದಿಲ್ಲ ಎಂದೆ. ತೋರಿಸು ಎಂದು ಕೇಳಿದೆ, ಅವನು ತೋರಿಸಿದ. ಕೇಳಿದ್ದು ತಪ್ಪಾಗಿದ್ದರೆ ಅವನು ಸುಮ್ಮನಿರುತ್ತಿದ್ದ. ಇದರಲ್ಲಿ ನಾನು ತಪ್ಪೊಪ್ಪಿಕೊಂಡರೆ ಅವನೂ ತಪ್ಪು ಮಾಡಿದ ಎಂದಾಗುತ್ತದೆ. ಕಾಕಾ ಗುರಯ್ಯನವರ ಕಡೆ ತಿರುಗಿದರು. ಅಯ್ಯನವರು ಹೇಳಿದರು: “ದೀಪಾ ಹಿಡದಾಂವ ನಾ ಅದೀನಿ. ಕಾಣಿಕಿ ಇಡಸೂದಿದ್ರ ಮೊದಲ ನನ್ನ ಕಡಿಂದ ಇಡಸ್ರಿ.” ವಿಚಾರಣೆ ಅಲ್ಲಿಗೆ ಮುಗಿಯಿತು.

ಎರಡನೆಯದು, ಈಚೆಗೆ ನಾಲ್ಕು ಅಕ್ಷರ ಓದಿ ಬಂದ ನಮ್ಮ ದೊಡ್ಡಪ್ಪನ ಮಗನದು. ದೇವರ ದಾರವೇ ಕಾಲನ್ನು ಮುಚ್ಚಿಟ್ಟಿತು, ಅದರಿಂದಲೇ ಇಷ್ಟಾಯಿತು, ಇದರಲ್ಲಿ ಕೃಪೆ ಎಲ್ಲಿದೆ ಎಂದು ನಗುತ್ತಾ ಕೇಳಿದ. ಅವ್ವ ಅಲ್ಲೇ ಮೂಲೆಯಲ್ಲಿ ಕುಳಿತಿದ್ದಳು. ಗುಡಿಯಿಂದ ಬಂದಂದಿನಿಂದ ಅವಳು ಸರಿಯಾಗಿ ಊಟ ಮಾಡಿರಲಿಲ್ಲ. ಆ ಕಾಲುಚೀಲವನ್ನು ಒಗೆದು, ಒಣಗಿಸಿ, ಮತ್ತೆ ಒಗೆದಿದ್ದಳು. ನಾನಾಗಲಿ ನೀಲವ್ವನಾಗಲಿ ಅವಳಿಗೆ ಒಂದು ಮಾತೂ ಅಂದಿರಲಿಲ್ಲ. ಅದೇ ಅವಳಿಗೆ ಹೆಚ್ಚು ನೋವು ಮಾಡಿರಬೇಕು.

“ಕಟ್ಟು ಅಂತ ದೇವರು ಹೇಳಿದ್ದಿಲ್ಲ,” ಎಂದಳು. “ಚೀಲದ ಮ್ಯಾಲೆ ಕಟ್ಟಿದಾಕಿ ನಾನು. ಅವಗ ಕಾಲ ಮುಟ್ಟಿಸಬಾರದು ಅಂತ ನನಗ ಮಡಿ. ಅವಗ ಇರಲಿಲ್ಲ. ಇಷ್ಟ ಅಗಲ ಮೈಯಾಗ ಬ್ಯಾನಿ ಇದ್ದ ಕಾಲನ್ನ ಅಂವ ಹಿಡಕೊಂಡ ಕುಂತಿದ್ದ.”

ದೊಡ್ಡಪ್ಪನ ಮಗ ನಗು ನಿಲ್ಲಿಸಿದ. ನನಗೂ ಆ ಮಾತನ್ನು ಇಂದಿನವರೆಗೆ ದಾಟಿ ಹೋಗಲಾಗಿಲ್ಲ. ಅವನ ದಾರ ತೋಳಿನಲ್ಲೋ ನಡುವಿನಲ್ಲೋ ಇದ್ದಿದ್ದರೆ ನಾನು ಸಿಟ್ಟಿನಲ್ಲಿ ಅದನ್ನೇ ಕತ್ತರಿಸಿ ಎಸೆದು, ಕಾಲುಚೀಲ ಹಾಕಿದ ಕೂಸನ್ನು ಹಾಗೆಯೇ ಹುಬ್ಬಳ್ಳಿಗೆ ಹೊತ್ತೊಯ್ಯುತ್ತಿದ್ದೆ. ಮುಚ್ಚಿಟ್ಟವರು ನಾವು. ಮುಚ್ಚಿಟ್ಟ ಜಾಗಕ್ಕೇ ನನ್ನ ಕತ್ತರಿಯನ್ನು ಕರೆದುಕೊಂಡು ಹೋದವನು ಅವನು. ಭಕ್ತಿಯಿಂದ ಕೈಮುಗಿದು ಕುಳಿತಿದ್ದರೆ ಅಮಾವಾಸ್ಯೆಯವರೆಗೆ ಕುಳಿತೇ ಇರುತ್ತಿದ್ದೆ. ನನಗೆ ಅಂದು ಬೇಕಾಗಿದ್ದದ್ದು ಸಿಟ್ಟು. ಅದನ್ನು ಅವನು ಕೊಟ್ಟ. ಅವನ ಹತ್ತಿರ ಅದರ ದಾಸ್ತಾನು ಮೊದಲಿನಿಂದಲೂ ಇದೆ ಎಂಬುದನ್ನು ಪುರಾಣ ಬಲ್ಲವರು ಒಪ್ಪುತ್ತಾರೆ.

ಕೊಟ್ಟ ಮಾತಿನಂತೆ ಮುಷ್ಕರ ಹಿಂದಕ್ಕೆ ತೆಗೆದುಕೊಂಡೆ. ಎರಡನೆಯ ತೋಳು ಹಚ್ಚಿದೆ, ಜರಿ ಹಚ್ಚಿದೆ. ಗುಡಿಯ ನೆಲದ ಮೇಲೆ ಬಿದ್ದಿದ್ದ ಕೆಂಪು ದಾರದ ತುಂಡನ್ನು ಅಯ್ಯನವರು ಎತ್ತಿಟ್ಟಿದ್ದರು. ಅದನ್ನು ಕೇಳಿ ತಂದು ಅಂಗಿಯ ಕೆಳ ಅಂಚಿನ ಮಡಿಕೆಯೊಳಗೆ ಇಟ್ಟು ಹೊಲಿದುಬಿಟ್ಟೆ. ನಿನ್ನದು ನೀನೇ ಉಟ್ಟುಕೋ ಎಂದು. ನಾಗರ ಅಮಾವಾಸ್ಯೆಯ ದಿನ ಅವನಿಗೆ ಆ ಅಂಗಿ ತೊಡಿಸುವಾಗ ಶಾಂತವ್ವ ಅಜ್ಜಿಯ ತೊಡೆಯ ಮೇಲೆ ಬರಿಗಾಲಿನಲ್ಲಿ ಮಲಗಿದ್ದಳು. ಢೋಲು ಬಾರಿಸಿದರೂ ಏಳಲಿಲ್ಲ. ಆ ನಿದ್ದೆಗಿಂತ ದೊಡ್ಡ ಪ್ರಸಾದವನ್ನು ನಾನು ಯಾವ ಗುಡಿಯಲ್ಲೂ ತಿಂದಿಲ್ಲ.

ಈಗ ಅವಳು ಅಂಗನವಾಡಿಗೆ ಹೋಗುತ್ತಾಳೆ, ಹೋಗುವಾಗ ದಿನಾಲೂ ಅಳುತ್ತಾಳೆ. ಆ ಅಳು ನನಗೆ ಗೊತ್ತಿದೆ, ಅದಕ್ಕೆ ದೇವರು ಬೇಕಾಗಿಲ್ಲ. ಬೆರಳಿನ ಬುಡದಲ್ಲಿ ಗೆರೆ ಹಾಗೆಯೇ ಉಳಿದಿದೆ, ಕಾಲುಂಗುರ ತೊಡುವ ಬೆರಳಿನಲ್ಲೇ. ನಮ್ಮ ಮನೆಯಲ್ಲಿ ಇಂದಿಗೂ ದಾರ ಕಟ್ಟುತ್ತೇವೆ. ಕಟ್ಟುವ ಮುಂಚೆ ಅಡಿಯ ಮೈ ಬಿಚ್ಚಿ ನೋಡಬೇಕು, ಕಟ್ಟಿದ ಮೇಲೂ ದಿನಕ್ಕೊಮ್ಮೆ ನೋಡಬೇಕು ಎಂಬ ಹೊಸ ನೇಮವನ್ನು ಅವ್ವನೇ ಮಾಡಿದ್ದಾಳೆ. ಓಣಿಯ ಬಾಣಂತಿಯರ ಮನೆಗೆಲ್ಲ ಹೋಗಿ ಕೂಸುಗಳ ಬೆರಳು ಬಿಡಿಸಿ ನೋಡಿ ಬರುತ್ತಾಳೆ. ಓದುವ ತಾಯಂದಿರು ಇಷ್ಟನ್ನು ಮಾಡಿದರೆ ಈ ಬರಹ ಸಾರ್ಥಕ.

ನಾನು ಅಮಾವಾಸ್ಯೆಗೊಮ್ಮೆ ಗುಡಿಗೆ ಹೋಗುತ್ತೇನೆ. ಕತ್ತರಿ ಜೇಬಿನಲ್ಲಿಯೇ ಇರುತ್ತದೆ. ಮೊನ್ನೆ ಮಂಗಳಾರತಿಯ ಹೊತ್ತಿನಲ್ಲಿ ಬಗ್ಗಿದಾಗ ಅದು ಕಲ್ಲಿನ ಮೇಲೆ ಬಿದ್ದು ಸದ್ದಾಯಿತು. ಗುರಯ್ಯನವರು ತಟ್ಟೆ ಹಿಡಿದುಕೊಂಡೇ ನನ್ನ ಕಡೆ ನೋಡಿದರು.

“ಇನ್ನೂ ತರತೀರೇನ್ರಿ ಮಾಸ್ತರ? ಅವನ ಮ್ಯಾಲೆ ನಂಬಿಗಿ ಬಂದಿಲ್ಲೇನು?”

“ನಂಬಿಗಿ ಐತಿ ಅಂತನ ತರತೀನ್ರಿ. ಎಲ್ಲಿ ಕತ್ತರಸೂದು ಅಂತ ಅಂವ ತೋರಸತಾನ.”

ನಾನು ಆರತಿ ತೆಗೆದುಕೊಂಡೆ.